ತಾಲೀಮಿಗೆ ಕುರ್ಚಿ ಬಂದ ವರ್ಷ

ಹೋದ ತಿಂಗಳು ಒಂದು ಬೆಳಿಗ್ಗೆ ದಾಂಡೇಲಿಯಲ್ಲಿರುವ ನನ್ನ ಹೆಂಡತಿಯ ಅಣ್ಣ ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಹಾಕಿದ. ಮೇಲೆ ‘ಶುಭೋದಯ’, ಕೆಳಗೆ ಒಂದು ಗುಲಾಬಿ ಹೂವು, ನಡುವೆ ಕೆಂಪು ಮಣ್ಣಿನ ಮೇಲೆ ಎರಡೂ ಕೈ ಊರಿ ಮುಂದೆ ಸರಿಯುತ್ತಿರುವ ಒಬ್ಬ ಗಂಡಸಿನ ಬೆನ್ನು. ‘ಇವರನ್ನು ನೋಡಿ, ಇನ್ನು ನಿಮ್ಮದೂ ಒಂದು ಕಷ್ಟವೇ?’ ಎಂದು ಅದರಡಿಯಲ್ಲಿ ಬರೆದಿತ್ತು. ಕಾಗದದ ಮಿಲ್ಲಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಭಾವ ಯಾರೋ ಕಳಿಸಿದ್ದನ್ನು ನಮಗೆ ದಾಟಿಸಿದ್ದ, ಅಷ್ಟೆ. ಅದು ಯಾರ ಬೆನ್ನು ಎಂಬುದು ಪಾಪ, ಅವನಿಗೆ ಗೊತ್ತಿರಲಿಲ್ಲ. ಬನಿಯನ್ನಿನ ಎಡಗಡೆಯ ತೂತು ನೋಡಿ ನನಗೆ ಗೊತ್ತಾಯಿತು. ಗುಂಪಿನಲ್ಲಿ ಒಬ್ಬರಾದ ಮೇಲೊಬ್ಬರು ಕೈಮುಗಿಯತೊಡಗಿದರು. ಸುಮ್ಮನಿದ್ದರೆ ಭಾವ ಬೇಜಾರಾದಾನು ಎಂದು ನನ್ನ ಬೆನ್ನಿಗೆ ನಾನೇ ಒಂದು ಹೆಬ್ಬೆರಳು ಒತ್ತಿದೆ.

ಒತ್ತಿ, ಫೋನು ಮಗುಚಿಟ್ಟೆ. ಕಿವಿ ಬಿಸಿಯಾಗಿದ್ದವು. ಆ ವರ್ಷ ಮುಗಿದುಹೋಯಿತು ಎಂದುಕೊಂಡಿದ್ದೆ.

ನಮ್ಮೂರು ಹಳಿಯಾಳದಿಂದ ತೇರಗಾಂವದ ಹಾದಿಯಲ್ಲಿದೆ. ನಾನು ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವವನು. ಹತ್ತು ಗಂಟೆಗೆ ಬಾಗಿಲು ತೆಗೆದು, ಪೇಪರುಗಳನ್ನು ಹರಡಿ, ಮುದುಕರು ದಿನಭವಿಷ್ಯದ ಪುಟಕ್ಕಾಗಿ ಜಗಳವಾಡುವುದನ್ನು ಬಿಡಿಸುವುದು ನನ್ನ ಉದ್ಯೋಗ. ಆದರೆ ಬೆಳಗಿನ ಐದರಿಂದ ಎಂಟರವರೆಗೆ ನಾನು ವಸ್ತಾದ. ಗರಡಿಮನೆಗೆ ನಮ್ಮ ಕಡೆ ತಾಲೀಮು ಎನ್ನುತ್ತಾರೆ, ಅಲ್ಲಿ ಕಲಿಸುವವನಿಗೆ ವಸ್ತಾದ ಎನ್ನುತ್ತಾರೆ. ಹತ್ತು ಹನ್ನೆರಡು ವರ್ಷದ ಹಿಂದೆ, ಮುಂಡಗೋಡದ ಕಡೆಯ ಒಂದು ಕುಸ್ತಿಯಲ್ಲಿ ಸರಿಯಾದ ಜೋಡಿ ಸಿಗದೆ ನನಗೂ ಗೆಳೆಯ ಪರಸಪ್ಪನಿಗೂ ಕುಸ್ತಿ ಕಟ್ಟಿದರು. ಇಬ್ಬರೂ ಒಂದೇ ತಾಲೀಮಿನವರು, ಒಂದೇ ತಾಟಿನಲ್ಲಿ ಉಂಡವರು. ಅವನು ನನ್ನನ್ನು ಸೊಂಟಕ್ಕೆ ಹಿಡಿದು ಎತ್ತಿ ಒಗೆದ. ನ್ಯಾಯವಾದ ಪಟ್ಟು. ಬೀಳಬೇಕಾದ ಹಾಗೆ ನಾನು ಬೀಳಲಿಲ್ಲ. ನಡುವಿನ ಎಲುಬು ಮುರಿದು ಎಡಗಾಲಿನ ಶಕ್ತಿ ಪೂರ್ತಿ ಹೋಯಿತು, ಬಲಗಾಲಿನದು ಅರ್ಧ ಉಳಿಯಿತು. ಅಂದಿನಿಂದ ಎಡಗಾಲಿಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್, ಬಗಲಲ್ಲಿ ಒಂದು ಕೋಲು. ಹಾಸಿಗೆ ಬಿಟ್ಟೆದ್ದ ಮೇಲೆ ಪರಸಪ್ಪನೇ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ತಾಲೀಮಿಗೆ ಕರೆದೊಯ್ದ. “ಕಾಲು ಹೋದ್ರ ಹೋತು ನಿಂಗ್ಯಾ, ತಲಿ ಐತಲ್ಲ. ನೀ ಕಲಸು” ಎಂದ. ಅದರ ಬಗ್ಗೆ ನಾವಿಬ್ಬರೂ ಆಡಿದ ಮಾತು ಅಷ್ಟೇ.

ಒಂದು ತೊಡಕಿತ್ತು. ಕ್ಯಾಲಿಪರಿನ ಪಟ್ಟಿಗಳು ಚರ್ಮದ ಬೂಟಿಗೆ ಬೆಸೆದಿರುತ್ತವೆ, ಬೂಟು ಬಿಟ್ಟು ಅದು ನಿಲ್ಲುವುದಿಲ್ಲ. ನಮ್ಮ ತಾಲೀಮಿನ ಮಣ್ಣಿಗೆ ಮೆಟ್ಟು ಹಾಕಿಕೊಂಡು ಯಾರೂ ಇಳಿಯುವುದಿಲ್ಲ, ಮಂತ್ರಿ ಬಂದರೂ ಹೊಸ್ತಿಲಾಚೆಯೇ ಬಿಡಬೇಕು. ಹೀಗಾಗಿ ನಾನು ಹೊಸ್ತಿಲಲ್ಲಿ ಕುಳಿತು ಕ್ಯಾಲಿಪರ್ ಬಿಚ್ಚಿ ಪರಸಪ್ಪನ ಕೈಗೆ ಕೊಟ್ಟು, ಎರಡೂ ಕೈ ಊರಿ ಮೈಯನ್ನು ಎಳೆದುಕೊಂಡು ಒಳಗೆ ಹೋಗಿ ಮಣ್ಣಿನ ನಡುವೆ ಕೂರುತ್ತಿದ್ದೆ. ನನ್ನ ತೋಳುಗಳು ಆಗ ಹೇಗಿದ್ದವೆಂದರೆ ಹುಡುಗರು ಲಂಗೋಟಿ ಬಿಗಿಯುವಷ್ಟರಲ್ಲಿ ನಾನು ನಡುವೆ ತಲುಪಿ ಬೈಯಲು ಶುರು ಮಾಡಿರುತ್ತಿದ್ದೆ. ನಿಂತು ಕಲಿಸುವವನಿಗೆ ಮುಖ, ಭುಜ ಕಾಣುತ್ತವೆ. ಕುಳಿತವನಿಗೆ ಕಾಲು ಕಾಣುತ್ತದೆ. ಕುಸ್ತಿ ಮೊದಲು ಹಿಮ್ಮಡಿಯಲ್ಲಿ ಸೋಲುತ್ತದೆ ಎಂಬುದನ್ನು ನಾನು ಕಂಡುಕೊಂಡದ್ದು ಕೂತ ಮೇಲೆಯೇ. ಇದೆಲ್ಲ ದಿನವಹಿ ಆಗುತ್ತಿದ್ದ ಸಂಗತಿ, ಯಾರೂ ಒಂದು ಮಾತು ಆಡಿದ್ದಿಲ್ಲ.

ಆ ಚಿತ್ರ ತೆಗೆದ ವರ್ಷ ಮಿರ್ಗದ, ಅಂದರೆ ಮೃಗಶಿರೆಯ, ಮಳೆ ಹೊತ್ತಿಗೆ ಸರಿಯಾಗಿ ಹಿಡಿಯಿತು. ಗದ್ದೆಗಳಲ್ಲಿ ನಾಟಿ ನಡೆದಿತ್ತು, ತಾಲೀಮಿನ ತಗಡಿನ ಮೇಲೆ ಮಳೆ ಬಡಿಯುವಾಗ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅಂಥ ಒಂದು ಬೆಳಿಗ್ಗೆ ಬೆಂಗಳೂರಿನಿಂದ ಅನುಷಾ ಮೇಡಂ ಬಂದರು. ಆಟದಲ್ಲಿ ಪೆಟ್ಟು ತಿಂದವರ ಬಗ್ಗೆ ಸಾಕ್ಷ್ಯಚಿತ್ರ ಮಾಡುವವರು. ದಾಂಡೇಲಿಯಲ್ಲಿ ವಸತಿ ಮಾಡಿ ದಿನಾ ಜೀಪಿನಲ್ಲಿ ಬರುತ್ತಿದ್ದರು. ಒಳ್ಳೆಯ ಹುಡುಗಿ. ನಮ್ಮ ಜೊತೆ ನೆಲದ ಮೇಲೆ ಕೂತು ರೊಟ್ಟಿ ತಿಂದಳು, ಖಾರಕ್ಕೆ ಮೂಗು ಸೋರಿದರೂ ಬಿಡಲಿಲ್ಲ. ನನಗೆ ಮಾತು ಮಾತಿಗೂ ‘ಸರ್’ ಎನ್ನುತ್ತಿದ್ದಳು. ಅವಳನ್ನು ಬೈದು ನಾನು ಹಗುರಾಗಬಹುದಿತ್ತು, ಆದರೆ ಬೈಯುವಂಥವಳಲ್ಲ ಅವಳು.

ಅವಳ ಚಿತ್ರದಲ್ಲಿ ನಾವು ಮೂವರಿದ್ದೆವು. ನಾನು, ಮೊಣಕಾಲಿನ ಆಪರೇಶನ್ ಆದ ಮುಂಡಗೋಡದ ಟಿಬೆಟನ್ ಕಾಲೊನಿಯ ಒಬ್ಬ ಫುಟ್‌ಬಾಲ್ ಹುಡುಗ, ಮತ್ತು ನಮ್ಮ ಲೀನಾ. ಲೀನಾ ಸಿದ್ದಿಯರ ಹುಡುಗಿ, ಎಂದೋ ಆಫ್ರಿಕಾದಿಂದ ಬಂದು ನಮ್ಮ ಕಾಡಿನ ಸೀಮೆಯಲ್ಲಿ ನೆಲೆಸಿದ ಮಂದಿ. ಅವಳ ಅವ್ವ ಹಳಿಯಾಳದಲ್ಲಿ ಅಂಗನವಾಡಿ ಅಡುಗೆಯವಳು. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ನಮಗಿಂತ ಖಡಕ್ಕಾದ ಕನ್ನಡ. ಮ್ಯಾಟ್ ಮೇಲೆ ಕುಸ್ತಿ ಆಡುವಾಗ ಬಲಭುಜ ಕೀಲು ತಪ್ಪಿತ್ತು. ಇನ್ನೊಮ್ಮೆ ಪೂರ್ತಿ ತಪ್ಪಿದರೆ ಆಪರೇಶನ್ನೇ, ಕುಸ್ತಿ ಮರೆತುಬಿಡು ಎಂದು ಧಾರವಾಡದ ಡಾಕ್ಟರು ಹೇಳಿ ಕಳಿಸಿದ್ದರು. ಮಣ್ಣು ಮೆತ್ತಗಿರುತ್ತದೆಂದು ನಮ್ಮಲ್ಲಿಗೆ ಬರುತ್ತಿದ್ದಳು. ಮುಂದಿನ ವರ್ಷ ಶ್ರಾವಣ ಮುಗಿದ ಮೇಲೆ ರಾಜ್ಯದ ಆಯ್ಕೆ. ಅಷ್ಟರೊಳಗೆ ಅವಳ ಭುಜದ ಅಂಜಿಕೆ ಬಿಡಿಸಬೇಕಿತ್ತು. ಅಂಜಿಕೆ ಬಂದಾಗ ಅವಳ ಬಲಹಿಮ್ಮಡಿ ಏಳುತ್ತಿತ್ತು. ನಾನು ಪಕ್ಕದಲ್ಲಿ ಕೂತು ಅದನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದೆ. ಅದು ನಮ್ಮ ಚಿಕಿತ್ಸೆ. ನೋಡುವವರಿಗೆ ಅದರಲ್ಲಿ ಏನೂ ಇರಲಿಲ್ಲವೆನ್ನಿ, ಕ್ಯಾಮೆರಾದವರು ಆ ಹೊತ್ತಿನಲ್ಲಿ ಚಹಾ ಕುಡಿಯಲು ಹೋಗುತ್ತಿದ್ದರು.

ಅವರಿಗೆ ಬೇಕಾದದ್ದು ನಾನು ಒಳಗೆ ಬರುವುದು. ಕ್ಯಾಮೆರಾವನ್ನು ನೆಲಕ್ಕೆ ಹಚ್ಚಿ ಇಟ್ಟರು. ನಾನು ಎಂದಿನಂತೆ ಬಂದೆ.

“ಸರ್, ಬೇಗ ಆಗೋಯ್ತು. ಸ್ವಲ್ಪ ನಿಧಾನವಾಗಿ ಬರ್ತೀರಾ?” ಎಂದಳು ಅನುಷಾ.

“ಯಾಕ್ರೀ ಮೇಡಂ? ನಾ ಹಿಂಗ ಬರಾಂವ.”

“ಬೆಳಕು ಸಾಲ್ತಿಲ್ಲ ಸರ್.”

ಬೆಳಕಿನ ಶಾಸ್ತ್ರ ನನಗೇನು ಗೊತ್ತು? ಅವರು ಹೇಳಿದಂತೆ ಮತ್ತೆ ಬಂದೆ, ಮತ್ತೊಮ್ಮೆ ಬಂದೆ. ಹಿಂದಿನಿಂದ ಒಂದು ಸಲ ತೆಗೆದರು. ಕೊನೆಕೊನೆಗೆ ನಿಜಕ್ಕೂ ದಣಿವಾಗಿ ನಡುವೆ ನಿಂತು ಉಸಿರು ಬಿಟ್ಟೆ. “ಸೂಪರ್ ಸರ್!” ಎಂದಳು. ನಾನೂ ಹಿಗ್ಗಿದೆ, ಯಾಕೆ ಸುಳ್ಳು ಹೇಳಲಿ.

ಲೀನಾಳನ್ನು ಜೋಯಿಡಾದ ಕಾಡಿಗೆ ಕರೆದುಕೊಂಡು ಹೋದರು. ಮರುದಿನ ಬಂದು ನಗುತ್ತ ಹೇಳಿದಳು: “ವಸ್ತಾದ್ರ, ಬರಿಗಾಲಿಲೇ ಓಡು ಅಂದ್ರು ಅವ್ರು. ಉಂಬಳ ಹತ್ತಿ ಕಾಲಿನ ರಕ್ತ ಹೀರಿದ್ವು. ನಾ ಜೋಯಿಡಾಕ ಹೋಗಿದ್ದು ಸಾಲಿ ಟ್ರಿಪ್ಪಿಗೆ ಒಮ್ಮೆ, ಇದು ಎರಡನೇದು.” ನಾವೆಲ್ಲ ನಕ್ಕೆವು. ಮಳೆ ನಿಲ್ಲುವ ಮೊದಲೇ ಅವರೆಲ್ಲ ಹೊರಟುಹೋದರು.

ಚಿತ್ರ ಬಂದದ್ದು ಯುಗಾದಿಗೆ ಸ್ವಲ್ಪ ಮುಂಚೆ. ಊರವರಿಗೂ ತೋರಿಸಬೇಕೆಂದು ಅನುಷಾಳೇ ಹಟಹಿಡಿದು ಹಳಿಯಾಳದ ಒಂದು ಕಲ್ಯಾಣಮಂಟಪದಲ್ಲಿ ಪರದೆ ಕಟ್ಟಿಸಿದಳು. ತಾಲೀಮಿನ ಹುಡುಗರು, ಅವರ ತಂದೆ ತಾಯಿ, ಹಿರಿಯರು, ನನ್ನ ಹೆಂಡತಿ ಶಾಂತಾ, ಎಲ್ಲರೂ ಹಬ್ಬದ ಬಟ್ಟೆಯಲ್ಲಿ ಬಂದಿದ್ದರು. ನನ್ನನ್ನು ಮುಂದಿನ ಸಾಲಿನಲ್ಲಿ ಪರಸಪ್ಪನ ಪಕ್ಕ ಕೂರಿಸಿದರು. ಅವನು ತಾಲೀಮಿನ ಅಧ್ಯಕ್ಷ, ಆ ಸಂಜೆ ತಲೆಗೆ ಪಟಗಾ ಸುತ್ತಿಕೊಂಡು ಮದುವೆಮನೆಯ ಹಿರಿಯನ ಹಾಗೆ ಎಲ್ಲರನ್ನೂ ಬರಮಾಡಿಕೊಂಡಿದ್ದ.

ದೀಪ ಆರಿತು. ಮೊದಲು ಕಾಣಿಸಿದ್ದೇ ಕೆಂಪು ಮಣ್ಣು, ಮಳೆಯ ಸದ್ದು, ಒಂದು ಕೊಳಲು. ನಮ್ಮ ತಾಲೀಮಿನಲ್ಲಿ ಯಾರೂ ಕೊಳಲು ಊದಿದ್ದು ನನಗೆ ನೆನಪಿಲ್ಲ. ಆಮೇಲೆ ಎರಡು ಕೈ, ಜೋತುಬಿದ್ದ ತಲೆ, ಹಿಂದೆ ಎಳೆದುಕೊಂಡು ಬರುವ ಎರಡು ಕಾಲು. ಆ ಮನುಷ್ಯ ಒಂದು ಮಾರು ದೂರ ಸರಿಯಲು ಒಂದು ಯುಗ ತೆಗೆದುಕೊಂಡ. ನಡುವೆ ನಿಂತು ಏದುಸಿರು ಬಿಟ್ಟ. “ಒಂದು ಕಾಲದಲ್ಲಿ ಎದುರಾಳಿಗಳಿಗೆ ಮಣ್ಣು ಮುಕ್ಕಿಸಿದವರು ಇಂದು ಅದೇ ಮಣ್ಣಿನಲ್ಲಿ ತೆವಳುತ್ತಾರೆ” ಎಂದಿತು ಒಂದು ಹೆಣ್ಣುದನಿ. ಬೂಟಿನ ಮಾತು ಎಲ್ಲೂ ಬರಲಿಲ್ಲ. ಹೊಸ್ತಿಲಲ್ಲಿ ಕ್ಯಾಲಿಪರ್ ಬಿಚ್ಚಿದ್ದನ್ನು ತೋರಿಸಲೇ ಇಲ್ಲ. ನೋಡಿದವರು ಈ ಮನುಷ್ಯ ಮನೆಯಿಂದ ಹೀಗೇ ಬಂದಿದ್ದಾನೆ, ಗ್ರಂಥಾಲಯಕ್ಕೂ ಹೀಗೇ ಹೋಗುತ್ತಾನೆ ಎಂದುಕೊಳ್ಳಬೇಕು.

ಟಿಬೆಟನ್ ಹುಡುಗನಿಗೆ ಮೊಬೈಲ್ ರಿಪೇರಿ ಅಂಗಡಿಯಿದೆ. ಚಿತ್ರದಲ್ಲಿ ಅವನು ಮಠದ ಪ್ರಾರ್ಥನಾಚಕ್ರ ತಿರುಗಿಸುತ್ತಲೇ ಇದ್ದ. ಲೀನಾ ಬಂದಾಗ ಡೋಲು ಶುರುವಾಯಿತು. ಮಂಜು, ಮರಗಳು, ನಡುವೆ ಅವಳ ಬರಿಗಾಲು. ಕಾಡೇ ಅವಳಿಗೆ ಶಕ್ತಿ ಕೊಟ್ಟಿದೆಯಂತೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಅವಳ ಅವ್ವ ಕೊಂಕಣಿಯಲ್ಲಿ ಏನೋ ಗೊಣಗಿದಳು. ಅಂಗನವಾಡಿಯ ಉಪ್ಪಿಟ್ಟಿಗೆ ಒಂದು ಮಾತಿನ ಜಾಗವೂ ಸಿಗಲಿಲ್ಲವಲ್ಲ ಎಂದಿರಬೇಕು.

ದೀಪ ಹತ್ತಿದಾಗ ಸಭೆ ಅಳುತ್ತಿತ್ತು. ನಾನು ದಿನಾ ಬೈಯುವ ಹುಡುಗರು ಅಳುತ್ತಿದ್ದರು. ಅವರ ಅಪ್ಪಂದಿರು ಬಂದು ನನ್ನ ಕಾಲು ಮುಟ್ಟಿದರು, ಆ ಕಾಲನ್ನೇ, ಎಡಗಾಲನ್ನೇ. ನಾನು ಸತ್ತಿದ್ದೇನೆ, ಇವರೆಲ್ಲ ಮನೆಯವರನ್ನು ಮಾತಾಡಿಸಲು ಬಂದಿದ್ದಾರೆ ಅನ್ನಿಸಿತು. ಅನುಷಾ ಕಣ್ಣೊರೆಸಿಕೊಳ್ಳುತ್ತ ಬಂದು, “ಸರ್, ನೀವು ಎಷ್ಟು ಜನಕ್ಕೆ ಸ್ಫೂರ್ತಿ ಗೊತ್ತಾ?” ಎಂದಳು. ಗಂಟಲಿಗೆ ಬಂದ ಮಾತು ಒಂದು, ಬಾಯಿಂದ ಹೊರಟದ್ದು “ಥ್ಯಾಂಕ್ಸ್ ಮೇಡಂ” ಎಂದು. ಪರಸಪ್ಪ ಮಾತ್ರ ನನ್ನ ಕಡೆ ತಿರುಗಲಿಲ್ಲ. ಪಟಗಾ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಖಾಲಿ ಪರದೆ ನೋಡುತ್ತಿದ್ದ.

ಮನೆಗೆ ಬಂದ ಮೇಲೆ ಶಾಂತಾ ಅಂದದ್ದು ಒಂದೇ ಮಾತು: “ನಾಕು ಛಲೋ ಬನಿಯನ್ ಅದಾವ. ಆ ಹರಕದ್ದ ಹಾಕ್ಕೊಂಡು ಹೋಗಿದ್ರಿ?” ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಜೋರಾಗಿ ತಿಕ್ಕತೊಡಗಿದಳು.

ಕಾಲಿನ ವಿಷಯಕ್ಕೆ ನನಗೆ ನಾಚಿಕೆ ಇತ್ತು ಎಂದಲ್ಲ. ಅದನ್ನು ನಾನು ಎಂದೋ ಜಾಡಿಸಿ ಒಗೆದಿದ್ದೆ. ಇದು ಬೇರೆ. ಇಷ್ಟು ವರ್ಷ ನಾನು ಮಣ್ಣಿಗೆ ಹೋಗುವಾಗ ನನಗೆ ಕಾಣುತ್ತಿದ್ದುದು ಎದುರಿನ ಹುಡುಗರು, ಅವರ ಕಾಲು. ಈಗ ಮೊದಲ ಸಲ ನನ್ನ ಬೆನ್ನ ಹಿಂದೆ ನಿಂತು ನನ್ನನ್ನು ನೋಡಿದ್ದೆ. ಆ ನೋಟ ಕಣ್ಣಿನಿಂದ ಹೋಗಲೊಲ್ಲದು.

ಒಂದು ವಾರ ಬಿಟ್ಟು ತಾಲೀಮಿಗೆ ಹೋದರೆ ಅಖಾಡದ ಅಂಚಿನಲ್ಲಿ ಸಿಮೆಂಟಿನ ಕಟ್ಟೆ, ಅದರ ಮೇಲೊಂದು ಹೊಸ ಕುರ್ಚಿ. ಕೈಗಳಿರುವ, ಮೆತ್ತೆ ಹಾಕಿದ ಕುರ್ಚಿ. ಹತ್ತಲು ಇಳಿಜಾರು ಕೂಡ ಮಾಡಿಸಿದ್ದರು. ಪರಸಪ್ಪ ನನ್ನ ಮುಖ ನೋಡದೆ ಹೇಳಿದ: “ಇನ್ಮ್ಯಾಲೆ ಇಲ್ಲೇ ಕುಂತು ಕಲಸು. ಎಲ್ಲಾ ಹಿರ್ಯಾರು ಕೂಡಿ ಮಾಡೇವಿ.”

“ಮಣ್ಣಿಗೆ?”

“ಇಳೀಲೇಬೇಕಂದ್ರ ಬೂಟ್ ಹಾಕ್ಕೊಂಡ ಇಳಿ. ನಿನಗ ಮಾಫ್.”

ಮಾಫ್. ಆ ಮಾತಿಗೆ ನಾನು ಅಲ್ಲೇ ಸಿಡಿಯಬೇಕಿತ್ತು. ಮಂತ್ರಿಗೆ ಇಲ್ಲದ ಮಾಫಿ ನನಗೆ ಯಾಕೆ? ನಿಯಮ ಇರುವುದು ಪೈಲ್ವಾನರಿಗೆ. ಅದನ್ನು ಮಾಫ್ ಮಾಡಿದರೆಂದರೆ ನಾನು ಪೈಲ್ವಾನನಲ್ಲ ಎಂದಾಯಿತು. ನನಗೆ ಇದೆಲ್ಲ ಹೊಳೆದಿತ್ತು. ಆದರೆ ಹುಡುಗರೆಲ್ಲ ಹೊಸ್ತಿಲ ಕಡೆ ನೋಡುತ್ತಿದ್ದರು. ಇವರೆದುರು ಕೈ ಊರಿ ಹೋಗುವುದು ನೆನೆದರೇ ಮೈ ಬೆವರಿತು. ಇಳಿಜಾರು ಹತ್ತಿ ಕುರ್ಚಿಯಲ್ಲಿ ಕೂತೆ. ಮೆತ್ತೆ ಮೆತ್ತಗಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಬೇಸಿಗೆ ಪೂರಾ ಹಾಗೆ ಕಳೆಯಿತು. ಕುರ್ಚಿಯಿಂದ ನನಗೆ ಹುಡುಗರ ನೆತ್ತಿ, ಬೆನ್ನು ಕಾಣುತ್ತಿದ್ದವು. ಅವರೂ ನನ್ನ ಬೈಗುಳಕ್ಕೆ ಮೊದಲಿನಂತೆ ಹೆದರುತ್ತಿರಲಿಲ್ಲ. ತಲೆ ತಗ್ಗಿಸಿ, ಮೆಲ್ಲಗೆ “ಹೂಂ ರೀ” ಎನ್ನುತ್ತಿದ್ದರು. ಕಾಯಿಲೆಯವರ ಮನೆಯಲ್ಲಿ ಮಾತಾಡುವ ದನಿ ಅದು. ಲೀನಾಳ ಗತಿಯೂ ನನಗಿಂತ ಬೇರೆಯಿರಲಿಲ್ಲ. ಒಂದು ದಿನ ಬಂದವಳೇ ಕೈಚೀಲ ಒಗೆದಳು.

“ನಮ್ಮ ಓಣಿ ಹುಡುಗ್ರು ಡೋಲ್ ಬಾರಿಸಿ ಕುಣಿ ಅಂತಾವ. ಬ್ಯಾಂಕಿನ್ಯಾಗ ಒಬ್ರು, ಕಾಡಿನ್ಯಾಗಿಂದ ದಿನಾ ಹೆಂಗ ಬರ್ತೀ ಅಂತ ಕೇಳಿದ್ರು. ನಾ ಹುಟ್ಟಿದ್ದು ಹಳಿಯಾಳ ಸರಕಾರಿ ದವಾಖಾನಿಯೊಳಗ್ರೀ! ಅವರ ಮಗಳು ನನ್ನ ಜೋಡಿ ಒಂದ ಕ್ಲಾಸಿನ್ಯಾಗ ಕಲ್ತಾಕಿ.”

“ಬಿಡ, ನಾಕು ದಿನ ಅಂತಾರ, ಮರೀತಾರ” ಎಂದೆ.

“ನೀವು ಮರ್ತೀರೇನ್ರಿ?” ಎಂದು ಕುರ್ಚಿಯ ಕಡೆ ನೋಡಿದಳು. ನಾನು ಆಚೆ ಯಾರನ್ನೋ ಕರೆದು ಬೈದೆ.

ಮತ್ತೆ ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಅವಳು ಚೀರಿದಳು. ಜೋಡಿಯ ಹುಡುಗಿ ಕೈ ಎಳೆದಾಗ ಭುಜ ಜಾರಿ, ದೇವರ ದಯೆಯಿಂದ ಪೂರ್ತಿ ತಪ್ಪದೆ ತಾನೇ ಕೂತುಕೊಂಡಿತ್ತು. ಹಿಮ್ಮಡಿ ಎದ್ದಿರಲೇಬೇಕು. ನಡುವೆ ನಾಲ್ಕು ಜನ ನಿಂತಿದ್ದರಿಂದ ನನಗೆ ಕಂಡಿರಲಿಲ್ಲ. ಅವಳು ಭುಜ ಹಿಡಿದುಕೊಂಡು ಮಣ್ಣಿನಲ್ಲಿ ಕೂತು ನನ್ನನ್ನೇ ನೋಡಿದಳು. ಎಂಟು ಹತ್ತು ಅಡಿ ದೂರ. ಬೂಟು ಬಿಚ್ಚಿದ್ದರೆ ಮೂರು ಸಲ ಕೈ ಊರುವಷ್ಟರಲ್ಲಿ ಹೋಗಿ ಹಿಡಿಯಬಹುದಿತ್ತು. ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡು, “ಯಾರರೆ ನೀರು ಕೊಡ್ರೋ” ಎಂದೆ. ನಾಚಿಕೆಗೆ ಹೆದರಿ ಕೂತದ್ದಕ್ಕೆ ಇನ್ನೊಂದು ನಾಚಿಕೆ ಬಂದು ಮೇಲೆ ಕೂತಿತು.

ನಾಗರ ಪಂಚಮಿಗೆ ನಮ್ಮಲ್ಲಿ ಮಣ್ಣು ಹೊಸದು ಮಾಡುತ್ತಾರೆ. ಹಳೆಯದನ್ನು ಅಗೆದು, ಸೋಸಿದ ಕೆಮ್ಮಣ್ಣಿಗೆ ಅರಿಶಿನ, ಮಜ್ಜಿಗೆ, ಎಣ್ಣೆ, ಲಿಂಬೆರಸ ಕಲಸಿ, ಹನುಮಂತನ ಫೋಟೋಕ್ಕೆ ಪೂಜೆ ಮಾಡಿ, ವಸ್ತಾದ ಒಬ್ಬೊಬ್ಬರ ತೋಳಿಗೂ ಮೊದಲ ಹಿಡಿ ಮಣ್ಣು ಹಚ್ಚಬೇಕು. ಅದಾದ ಮೇಲೆಯೇ ವರ್ಷದ ಕುಸ್ತಿ. ಆ ದಿನ ಊರ ಹಿರಿಯರೂ ಬಂದು ಗೋಡೆಗುಂಟ ನಿಂತಿದ್ದರು. ಪರಸಪ್ಪ ಹಿತ್ತಾಳೆಯ ತಾಟಿನಲ್ಲಿ ಮಣ್ಣು ತುಂಬಿಕೊಂಡು ನನ್ನ ಕುರ್ಚಿಗೆ ತಂದ. ಹುಡುಗರು ಸಾಲಾಗಿ ಕಟ್ಟೆಯ ಬುಡಕ್ಕೆ ಬಂದು ತೋಳು ಚಾಚಿದರು, ನಾನು ಕೂತಲ್ಲಿಂದಲೇ ಹಚ್ಚಿದೆ.

ಲೀನಾ ಬರಲಿಲ್ಲ. ಹೊಸ ಮಣ್ಣಿನ ನಡುವೆ ನಿಂತಿದ್ದಳು.

“ಬಾರವಾ, ಹೊತ್ತಾತು” ಎಂದ ಪರಸಪ್ಪ.

“ನನಗ ತಾಟಿನ್ಯಾಗಿನ ಮಣ್ಣು ಬ್ಯಾಡ್ರಿ ಕಾಕಾ” ಎಂದಳು. ಗೋಡೆಗುಂಟ ನಿಂತವರಿಗೂ ಕೇಳಿತು. “ಆಯ್ಕೆಗೆ ತಿಂಗಳು ಉಳದಿಲ್ಲ. ನನ್ನ ಹಿಮ್ಮಡಿ ಹಿಡಿಯವ್ರು ಬೇಕು. ವಸ್ತಾದ್ರು ಕೆಳಗ ಬರಲಿಲ್ಲಂದ್ರ ನಾ ಇವತ್ತ ಮನಿಗೆ ಹೋಗ್ತೇನಿ, ಮತ್ತ ಬರೂದಿಲ್ಲ.”

ಹಿರಿಯರೊಬ್ಬರು ಹುಡುಗಿಯ ಸೊಕ್ಕಿನ ಬಗ್ಗೆ ಏನೋ ಅಂದರು. ನಾನು ಅವಳ ಕಾಲು ನೋಡಿದೆ. ಸುಮ್ಮನೆ ನಿಂತಾಗಲೂ ಬಲಹಿಮ್ಮಡಿ ನೆಲ ಮುಟ್ಟಿರಲಿಲ್ಲ. ನನ್ನ ಕೈ ತಾನಾಗಿಯೇ ಕ್ಯಾಲಿಪರಿನ ಪಟ್ಟಿಗೆ ಹೋಯಿತು.

“ಬೂಟ್ ಇರ್ಲೋ, ಹಂಗ ಬಾ” ಎಂದ ಪರಸಪ್ಪ ಗಡಿಬಿಡಿಯಿಂದ.

“ಬೂಟ್ ಹಾಕ್ಕೊಂಡು ಈ ಮಣ್ಣಿಗೆ ಯಾವ ಪೈಲ್ವಾನ ಇಳದಾನೋ?” ಎಂದೆ. ಬಿಚ್ಚಿ ಅವನ ಕೈಗೆ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ, ಕುರ್ಚಿಯ ಮೇಲೆಯೇ ಇಟ್ಟೆ.

ಕಟ್ಟೆಯಿಂದ ಇಳಿದು ಮಣ್ಣಿಗೆ ಕೈ ಊರಿದೆ. ತಲೆ ಎತ್ತಿ ನೋಡಿದೆ. ಹುಡುಗರು ಒಬ್ಬೊಬ್ಬರಾಗಿ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಹಿರಿಯರೂ ತಿರುಗಿದರು. ಯಾರೂ ಹೇಳಿಕೊಟ್ಟದ್ದಲ್ಲ. ನನ್ನ ಮರ್ಯಾದೆ ಕಾಯಲು, ನಾನು ಹೋಗುವುದನ್ನು ನೋಡಬಾರದೆಂದು, ಅಷ್ಟು ಜನ ಬೆನ್ನು ತೋರಿಸಿ ನಿಂತರು. ಕುಸ್ತಿಯಲ್ಲಿ ಬಿದ್ದಾಗಲೂ ನನಗೆ ಅಷ್ಟು ಅವಮಾನವಾಗಿರಲಿಲ್ಲ. ಹಿಂದೆ ಸರಿಯಲೂ ಬರುವಂತಿರಲಿಲ್ಲ. ತಿಂಗಳುಗಟ್ಟಲೆ ಕುರ್ಚಿಯಲ್ಲಿ ಕೂತು ತೋಳು ಸೋತಿದ್ದವು, ನಿಜಕ್ಕೂ ಏದುಸಿರು ಬಂತು. ಲೀನಾ ಒಬ್ಬಳೇ ನನ್ನ ಕಡೆ ನೋಡುತ್ತ ನಿಂತಿದ್ದಳು. ಹೋಗಿ ಅವಳ ಹಿಮ್ಮಡಿಯನ್ನು ಅಂಗೈಯಿಂದ ಒತ್ತಿ ನೆಲಕ್ಕೆ ಕೂರಿಸಿದೆ. ತೋಳಿಗೆ ಮಣ್ಣು ಹಚ್ಚಿದೆ. ಭುಜದ ಪಟ್ಟು ತೋರಿಸಲು ಒಬ್ಬ ಜೋಡಿ ಬೇಕಿತ್ತು.

“ಪರಸ್ಯಾ, ಒಳಗ ಬಾ. ಇಕೀಗೆ ಕೈ ಕೊಡು” ಎಂದೆ.

ಅವನೂ ಗೋಡೆಗೆ ಮುಖ ಮಾಡಿದ್ದ. ಅಲುಗಲಿಲ್ಲ.

“ಪರಸ್ಯಾ, ಹೊಳ್ಳಿ ನೋಡೋ.”

“ಆಗೂದಿಲ್ಲೋ ನಿಂಗ್ಯಾ.” ಅವನ ಬೆನ್ನು ಅಳುತ್ತಿರುವುದು ನನಗೆ ಕಂಡಿತು. “ಇಷ್ಟು ವರ್ಷ ದಿನಾ ನಾನ ನಿನ್ನ ಬೂಟ್ ಹಿಡಕೊಂಡು ನಿಂತೇನಿ. ಆ ಪಿಚ್ಚರ್ ನೋಡೂತನಕ ನೀ ತೆವಳ್ತೀ ಅಂತ ನನಗ ಗೊತ್ತ ಇರಲಿಲ್ಲೋ.”

ಲೀನಾಳ ಹಿಮ್ಮಡಿ ಹಿಡಿದುಕೊಂಡೇ ನಾನು ಅವನ ಬೆನ್ನಿಗೆ ಹೇಳಿದೆ: “ನನಗೂ ಗೊತ್ತಿರಲಿಲ್ಲೋ.”